ಲಾರಾಳ ನೂರು ವರ್ಷದ ಲೆಕ್ಕ ತಪ್ಪಿದ್ದೆಲ್ಲಿ?

ಮಾನ್ಯ ಸಂಪಾದಕರೇ,

ಹಳೆಯ ಅಮೆರಿಕನ್ ಧಾರಾವಾಹಿ ‘ಡಾರ್ಕ್ ಶ್ಯಾಡೋಸ್’ ಹೇಳಿದ ಕಥೆಯನ್ನೇ ಮತ್ತೆ ಮತ್ತೆ ಹೇಳಿತು ಎಂದು ನಿಮ್ಮ ಮನರಂಜನೆ ಪುರವಣಿಯ ಬರಹ ದೂರಿದೆ. ದೂರು ನಿಜವೇ. ಆದರೆ ಹಾಗೆ ಮರಳಿ ಬಂದ ಕಥೆಗಳಲ್ಲಿ ಕೆಲವು ಗೆದ್ದವು, ಕೆಲವು ಸೋತವು. ಏಕೆ ಎಂಬ ಪ್ರಶ್ನೆಯನ್ನು ಲೇಖಕರು ಕೇಳಿಕೊಂಡಿಲ್ಲ.

1966ರ ಜೂನ್ 27ರಿಂದ 1971ರ ಏಪ್ರಿಲ್ 2ರವರೆಗೆ ಎಬಿಸಿ ವಾಹಿನಿಯಲ್ಲಿ ವಾರಕ್ಕೆ ಐದು ದಿನ ಅರ್ಧರ್ಧ ಗಂಟೆ ಬಂದ ಧಾರಾವಾಹಿ ಇದು. ಟೇಪ್ ಎಡಿಟಿಂಗ್ ದುಬಾರಿಯಾಗಿದ್ದರಿಂದ ರಂಗದ ಮೇಲಿನ ನಾಟಕದಂತೆ ಒಂದೇ ಓಟಕ್ಕೆ ಚಿತ್ರೀಕರಿಸುತ್ತಿದ್ದರು. ನಟರು ಮಾತು ತಪ್ಪಿದ್ದೂ ಮೈಕ್ ಫ್ರೇಮಿನೊಳಗೆ ಇಳಿದದ್ದೂ ಹಾಗೇ ಪ್ರಸಾರವಾದವು. ಬರಹಗಾರರು ಬೆರಳೆಣಿಕೆಯಷ್ಟು, ಕಥೆ ಹಿಂದಿನ ಕಾಲಕ್ಕೆ ಹೋದರೂ ನಟರು ಬಹುಪಾಲು ಅವರೇ, ಸೆಟ್‌ಗಳೂ ಅವೇ. ಹೊಸ ದೆವ್ವ ಬೇಕಾದಾಗ ಕಥೆ ನಡೆಯುವ ಕಾಲಿನ್ಸ್ ಮನೆತನದ ಕಾಲಿನ್‌ವುಡ್ ಬಂಗಲೆಯಲ್ಲಿ ಬೀಗ ಜಡಿದ ಇನ್ನೊಂದು ಕೋಣೆ ತೆರೆಯುವುದಷ್ಟೇ ಅವರಿಗಿದ್ದ ದಾರಿ.

ಎಡವಟ್ಟಾದದ್ದು ಲಾರಾಳ ವಿಷಯದಲ್ಲಿ. 1966ರ ಕೊನೆಗೆ ಕಾಣಿಸಿಕೊಂಡ ಲಾರಾ, ರೋಜರ್ ಕಾಲಿನ್ಸ್‌ನ ಹೆಂಡತಿ. ಮಗ ಡೇವಿಡ್‌ನನ್ನು ತನ್ನ ಜೊತೆ ಬೆಂಕಿಗೆ ಸೆಳೆಯಲು ಬಂದ ಫೀನಿಕ್ಸ್, ಅಂದರೆ ನೂರು ವರ್ಷಕ್ಕೊಮ್ಮೆ ಬೆಂಕಿಯಲ್ಲಿ ಸತ್ತು ಮತ್ತೆ ಹುಟ್ಟುವವಳು. ಅವಳ ಬೆನ್ನು ಹತ್ತಿದ ಡಾ. ಗಥ್ರಿಗೆ 1767ರಲ್ಲಿ ಸತ್ತ ಲಾರಾ ಸ್ಟಾಕ್‌ಬ್ರಿಜ್, 1867ರಲ್ಲಿ ಸತ್ತ ಲಾರಾ ರ‍್ಯಾಡ್‌ಕ್ಲಿಫ್ ಸಿಗುತ್ತಾರೆ. ಮುಂದಿನದು 1967. ಆ ಕಂತುಗಳ ಭಯವೆಲ್ಲ ನಿಂತಿರುವುದು ಈ ಶತಮಾನದ ಲೆಕ್ಕದ ಮೇಲೆ. 1969ರಲ್ಲಿ ಕಥೆ 1897ಕ್ಕೆ ಹೋದಾಗ ಅದೇ ನಟಿ ಡಯಾನಾ ಮಿಲ್ಲೇ ಮತ್ತೆ ಲಾರಾಳಾಗಿ ಬಂದರು. ಈ ಸಲ ಎಡ್ವರ್ಡ್ ಕಾಲಿನ್ಸ್‌ನ ಹೆಂಡತಿ, ಜೇಮಿಸನ್ ಮತ್ತು ನೋರಾಳ ತಾಯಿ. 1867 ಕಳೆದು ಮೂವತ್ತೇ ವರ್ಷ! ಅದಕ್ಕಿಂತ ದೊಡ್ಡ ತೊಡಕು ವಂಶವೃಕ್ಷದ್ದು: ಜೇಮಿಸನ್ ರೋಜರ್‌ನ ತಂದೆ. ಅಂದರೆ ರೋಜರ್ ತನ್ನ ಅಜ್ಜಿಯನ್ನೇ ಮದುವೆಯಾದಂತಾಯಿತು. 1897ರವಳಿಗೆ ಬೇರೊಂದು ಹೆಸರಿಟ್ಟು, ಅವಧಿಗೆ ಮೊದಲೇ ಅವಳನ್ನು ಎಬ್ಬಿಸಿದ್ದು ಯಾರೆಂದು ಒಂದು ದೃಶ್ಯ ಬರೆದಿದ್ದರೂ ಬಹುಪಾಲು ಸರಿಹೋಗುತ್ತಿತ್ತು.

ಹಾಗೆಂದು ಹಳೆಯದನ್ನು ಅಳಿಸಿದ್ದೆಲ್ಲ ತಪ್ಪಲ್ಲ. ಧಾರಾವಾಹಿ ಮೊದಲು ಹೇಳಿದ ಪ್ರಕಾರ ಜೆರೆಮಯಾ ಕಾಲಿನ್ಸ್ 1830ರ ದಶಕದಲ್ಲಿ ಬಂಗಲೆ ಕಟ್ಟಿಸಿ ಜೋಸೆಟ್‌ಳನ್ನು ಮದುವೆಯಾಗಿ ಕರೆತಂದವನು. 1967ರ ನವೆಂಬರ್‌ನಲ್ಲಿ ಅದನ್ನೆಲ್ಲ 1795ಕ್ಕೆ ಸರಿಸಿದರು. ಜೋಸೆಟ್ ಧಾರಾವಾಹಿಯ ರಕ್ತಪಿಶಾಚಿ ಬಾರ್ನಬಸ್ ಕಾಲಿನ್ಸ್‌ಗೆ ಮದುವೆ ನಿಶ್ಚಯವಾಗಿದ್ದ ಹೆಣ್ಣಾದಳು, ಜೆರೆಮಯಾ ಅವನ ಚಿಕ್ಕಪ್ಪನಾದ. ಜೋಸೆಟ್, ಜೆರೆಮಯಾ ಇಬ್ಬರನ್ನು ಮಾಟ ಮಾಡಿ ಕೂಡಿಸಿದ, ಬಾರ್ನಬಸ್‌ನನ್ನು ಶಪಿಸಿದ ಏಂಜೆಲಿಕ್ ಹೊಸದಾಗಿ ಬಂದಳು. ದಿನಾಂಕ ಕೆಟ್ಟರೂ ಬಾರ್ನಬಸ್ ರಕ್ತಪಿಶಾಚಿಯಾದದ್ದಕ್ಕೆ ಗಟ್ಟಿ ಕಾರಣ ಸಿಕ್ಕಿತು. ಕೆಲವೇ ವಾರಗಳಿಗೆಂದು ತಂದ ಬಾರ್ನಬಸ್ ಪಾತ್ರ ವರ್ಷಗಟ್ಟಲೆ ಬಾಳಿತು.

1970ರದ್ದು ಬೇರೆ ಕಥೆ. ಕ್ವೆಂಟಿನ್ ಮತ್ತು ಬೆತ್‌ರ ದೆವ್ವಗಳು ಮನೆಯ ಮಕ್ಕಳಾದ ಡೇವಿಡ್–ಏಮಿಯನ್ನು ಹಿಡಿದದ್ದು, ಮನೆಯವರು ಬಂಗಲೆ ಬಿಟ್ಟದ್ದು, ಬಾರ್ನಬಸ್ 1897ಕ್ಕೆ ಹೋದದ್ದು ನೋಡುಗರಿಗೆ ಇನ್ನೂ ಹಸಿಯಾಗಿ ನೆನಪಿತ್ತು. ಅಷ್ಟರಲ್ಲೇ ಜೆರಾರ್ಡ್ ಮತ್ತು ಡಾಫ್ನಿಯ ದೆವ್ವಗಳು ಡೇವಿಡ್–ಹ್ಯಾಲಿಯನ್ನು ಹಿಡಿದವು. ಪಯಣ ಈಗ 1840ಕ್ಕೆ. ಹೊಸದೆಂದರೆ ಕಥೆ ಭವಿಷ್ಯದ 1995ಕ್ಕೆ ಜಿಗಿದು ಮೊದಲೇ ತೋರಿಸಿದ ಪಾಳುಬಿದ್ದ ಬಂಗಲೆ ಮತ್ತು ಅನಾಹುತದ ಬಗ್ಗೆ ಮನೆಮಗಳು ಕ್ಯಾರೊಲಿನ್ ಬಿಟ್ಟ ಸುಳಿವುಗಳು: ಮುಗಿಯದ ಜಾತಕ, ಪಿಕ್ನಿಕ್, ಕೊಲೆ. ಕಲ್ಪನೆ ಒಳ್ಳೆಯದೇ. ಆದರೆ ಸುಳಿವು ಕೈಯಲ್ಲಿದ್ದೂ ಬಾರ್ನಬಸ್, ಅವನ ಜೊತೆಗಾತಿ ವೈದ್ಯೆ ಜೂಲಿಯಾ ಒಂದನ್ನೂ ತಡೆಯುವುದಿಲ್ಲ. ವಾರಗಟ್ಟಲೆ ನೋಡುಗನಿಗೆ ತಿಳಿದದ್ದೇ ಪರದೆಯ ಮೇಲೆ ನಡೆಯುತ್ತದೆ. ಒಂದೆರಡು ಸುಳಿವನ್ನಾದರೂ ಅವರು ವಿಫಲಗೊಳಿಸಿ, ಅನಾಹುತ ಬೇರೆ ದಾರಿಯಿಂದ ಬಂದಿದ್ದರೆ ಕುತೂಹಲ ಉಳಿಯುತ್ತಿತ್ತು.

ಒಂದು ತಿದ್ದುಪಡಿಯೂ ಇದೆ. ಬರಹದಲ್ಲಿ 1,245 ಕಂತು ಎಂದಿದೆ. ಅದು ಕೊನೆಯ ಕಂತಿನ ಕ್ರಮಸಂಖ್ಯೆ, ಪ್ರಸಾರವಾದದ್ದು 1,225. ಪ್ರಸಾರ ರದ್ದಾದ ದಿನಗಳ ಸಂಖ್ಯೆಯನ್ನು ಬಿಟ್ಟು ಮುಂದೆ ಹೋಗುತ್ತಿದ್ದರು, ಶುಕ್ರವಾರದ ಕಂತಿನ ಸಂಖ್ಯೆ ಐದರಿಂದ ಭಾಗವಾಗಲೆಂದು. 1219ನೆಯದರ ಚಿತ್ರ ಉಳಿದಿಲ್ಲ, ಧ್ವನಿ ಮಾತ್ರ ಸಿಗುತ್ತದೆ.

– ಓದುಗರೊಬ್ಬರು, ಮೈಸೂರು