ಏಳನೇ ಮನೆ ಅತ್ತೆಗೆ, ಮತ್ತೆ ವಠಾರದ ಎಲ್ಲರಿಗೂ

ಹೋದ ಭಾನುವಾರ ನಮ್ಮ ವಠಾರದ ಪುಸ್ತಕ ಕೊನೆಗೂ ಎಲ್ಲರ ಕೈ ಸೇರಿತು. ಪುಸ್ತಕ ಅಂದರೆ ದೊಡ್ಡದೇನಲ್ಲ, ಯಾವ ಮನೆಯಲ್ಲಿ ಯಾರಿದ್ದರು, ಹೇಗಿದ್ದರು ಅಂತ ಬರೆದು ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿದ್ದು. ಒಂಬತ್ತು ಮನೆಗಳಲ್ಲಿ ಎಂಟು ಮನೆಯವರು ಬಂದಿದ್ದರು. ಒಬ್ಬರಂತೂ ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿ ಬಂದರು. ಅವತ್ತು ನಾಲ್ಕು ಮಾತಾಡು ಅಂದಾಗ ನನಗೆ ಬಾಯೇ ಬರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಅಮ್ಮನ ವಿಷಯ ನಿಮಗೆಲ್ಲ ಗೊತ್ತು, ಮತ್ತೆ ಹೇಳಲ್ಲ. ವಠಾರ ಕೆಡವಲು ಜೆಸಿಬಿ ಬಂದಿದ್ದೂ ಅಮ್ಮ ಐಸಿಯುನಲ್ಲಿ ಮಲಗಿದ್ದೂ ಒಂದೇ ವಾರ, ಅಷ್ಟೇ.

ವಠಾರ ನೋಡದ ಮಕ್ಕಳಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ವಠಾರ ಇದ್ದ ಬೆಂಗಳೂರಿನ ಚಾಮರಾಜಪೇಟೆ 1892ರಲ್ಲಿ ಶುರುವಾದ ಬಡಾವಣೆ. ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ, ಆ ಕಾಲದ ಕಕ್ಕಸು ಬಳಿಯುವವರು ಓಡಾಡಲಿಕ್ಕೆ ಬಿಟ್ಟಿದ್ದು. ನಮ್ಮಲ್ಲಿ ರಸ್ತೆ ಕಡೆಗೆ ಓನರ್ ಮನೆ, ಅದಕ್ಕೆ ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಸಣ್ಣ ಇಟ್ಟಿಗೆ, ಗಾರೆ ಹಾಕಿದ್ದು), ಜಗಲಿ. ಪಕ್ಕದ ಸಂದಿಯಲ್ಲಿ ಒಳಗೆ ಹೋದರೆ ಸಾಲಾಗಿ ನಮ್ಮ ಒಂಬತ್ತು ಮನೆ. ಮಂಗಳೂರು ಹೆಂಚು, ಕೆಂಪು ಗಾರೆ ನೆಲ, ಎರಡು ಮನೆಗೆ ಒಂದೇ ಗೋಡೆ. ಐದನೇ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮ ನಾಲ್ಕನೇ ಮನೆಯಲ್ಲಿ ಸೀನು. ಎಲ್ಲರಿಗೂ ಸೇರಿ ಒಂದೇ ನಲ್ಲಿ. ಯಾರನ್ನೂ ಹೆಸರು ಹಿಡಿದು ಕರೆದಿದ್ದು ನೆನಪಿಲ್ಲ, ಮನೆ ನಂಬರೇ ಹೆಸರು.

ಏಳನೇ ಮನೆ ಅತ್ತೆ ನನಗೆ ಸಂಬಂಧದಲ್ಲಿ ಅತ್ತೆಯಲ್ಲ. ಅಮ್ಮ ಐಸಿಯುನಲ್ಲಿದ್ದ ಆ ರಾತ್ರಿ ಹನ್ನೊಂದಕ್ಕೆ ಎಲ್ಲರೂ ಆಸ್ಪತ್ರೆಯಿಂದ ಹೊರಟರು. ತಪ್ಪೇನಿಲ್ಲ, ಬೆಳಿಗ್ಗೆ ಅವರವರ ಕೆಲಸ. ಅತ್ತೆ ಹೊರಡಲಿಲ್ಲ. ಎಪ್ಪತ್ತಾರು ವರ್ಷ, ಎರಡೂ ಮಂಡಿ ನೋವು. ಕಬ್ಬಿಣದ ಕುರ್ಚಿ ಮೇಲೆ ಕೂತು, ಸೆರಗು ಹೊದ್ದು, ಚೀಲದಿಂದ ಫ್ಲಾಸ್ಕ್ ತೆಗೆದರು. ಒಂದು ಗಂಟೆ ಹೊತ್ತಿಗೆ ಡಾಕ್ಟರು ಹೊರಗೆ ಬಂದು ಹೇಳುವುದು ಹೇಳಿ ಹೋದರು. ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಅಮ್ಮನನ್ನು ಬಿಟ್ಟು, ಎಲ್ಲಿಗಾದರೂ. ಚಪ್ಪಲಿ ಕೂಡ ಮೆಟ್ಟಿಕೊಂಡಿದ್ದೆ. ಇದನ್ನು ಇಷ್ಟು ದಿನ ಯಾರಿಗೂ ಹೇಳಿಲ್ಲ.

ಅತ್ತೆ ನನ್ನ ಕಾಲನ್ನು ಒಂದು ಸಲ ನೋಡಿದರು. "ಬಾ, ಕೂತ್ಕೋ. ಒಂದನೇ ಮನೇಲಿ ಮೊದಲು ಯಾರಿದ್ರು, ಹೇಳು ನೋಡೋಣ."

"ಗೊತ್ತಿಲ್ಲ ಅತ್ತೆ."

"ಹಾಗಾದ್ರೆ ಬರ್ಕೋ."

ಕಾಗದ ಇರಲಿಲ್ಲ. ಜೇಬಿನಲ್ಲಿ ಔಷಧಿ ಅಂಗಡಿಯ ಬಿಲ್ಲುಗಳಿದ್ದವು. ಅವುಗಳ ಹಿಂದೆ ಬರೆದೆ. ಒಂದನೇ ಮನೆಯಲ್ಲಿ ಹಪ್ಪಳ ಲಟ್ಟಿಸಿ ಮೂರು ಮಕ್ಕಳನ್ನು ಓದಿಸಿದ ಅಜ್ಜಿ. ಮೂರರಲ್ಲಿ ಬಿನ್ನಿ ಮಿಲ್ಲಿನವರು, ಶಿಫ್ಟ್ ಮುಗಿಸಿ ಬಂದರೆ ಮೀಸೆಯಲ್ಲೂ ಹತ್ತಿ. ಐದರಲ್ಲಿ ಎಚ್‌ಎಂಟಿಯವರು. 1980ರ ಡಿಸೆಂಬರಿನಲ್ಲಿ ಸಾರ್ವಜನಿಕ ಉದ್ಯಮಗಳ ಮುಷ್ಕರ ಶುರುವಾಗಿ 77 ದಿನ ನಡೆಯಿತಲ್ಲ, ಆಗ ಅವರ ಮನೆ ಅಕ್ಕಿ ಡಬ್ಬಿ ಖಾಲಿ ಆಗದ ಹಾಗೆ ಉಳಿದವರು ನೋಡಿಕೊಂಡರಂತೆ. "ನಾವು ಕೊಟ್ವಿ ಅಂತ ಬರೀಬೇಡ, ಸಾಲ ಅಂತ ಬರಿ. ಅವರು ತೀರಿಸಿದ್ರು" ಅಂದರು ಅತ್ತೆ. ಎಂಟನೇ ಮನೆ ಮೇಷ್ಟ್ರು ದಿನಾ ಸಂಜೆ ಸಾಹಿತ್ಯ ಪರಿಷತ್ತಿನ ಕಡೆ ನಡೆಯುತ್ತಿದ್ದರು. ರಾಮನವಮಿ ಬಂದರೆ ಹೆಂಗಸರೆಲ್ಲ ಬೇಗ ಅಡುಗೆ ಮುಗಿಸಿ, ಕೋಟೆ ಹೈಸ್ಕೂಲ್ ಮೈದಾನದ ಸಂಗೀತ ಕಚೇರಿ ಕೇಳಲು ಹೋಗಿ ಬೇಲಿಯಾಚೆ ಚಾಪೆ ಹಾಸುತ್ತಿದ್ದರು. ಅಲ್ಲಿ ನನ್ನಮ್ಮ ಪ್ರತಿ ವರ್ಷ ನಿದ್ದೆ ಹೋಗುತ್ತಿದ್ದಳಂತೆ. ಅದು ಕೇಳಿ ನಗು ಬಂತು, ಆಮೇಲೆ ತುಂಬಾ ಹೊತ್ತು ಅಳುತ್ತಾ ಕೂತೆ. ಅತ್ತೆ ಸುಮ್ನಿದ್ದರು, ಕಾಫಿ ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟು ಆರನೇ ಮನೆ ಶುರು ಮಾಡಿದರು.

ಬೆಳಗಿನ ಜಾವಕ್ಕೆ ಒಂಬತ್ತೂ ಮುಗಿದವು. ಆ ಬಿಲ್ಲುಗಳು ನನ್ನ ಹತ್ತಿರ ಇವೆ. ಅಚ್ಚಾಗಿದ್ದೆಲ್ಲ ಈಗ ಮಾಸಿದೆ. ಯಾವ ಔಷಧಿ, ಎಷ್ಟು ರೂಪಾಯಿ, ಒಂದೂ ಕಾಣಲ್ಲ. ಹಿಂದೆ ಬಾಲ್‌ಪೆನ್ನಲ್ಲಿ ಬರೆದಿದ್ದು ಮಾತ್ರ ಹಾಗೇ ಇದೆ.

ಅಮ್ಮ ಹೋದ ಮೂರನೇ ದಿನ ವಠಾರಕ್ಕೆ ಹೋದೆ. ಬಾಗಿಲು, ತೊಲೆ ಎಲ್ಲ ಆಗಲೇ ಹಳೇ ಮರದ ವ್ಯಾಪಾರಿಯ ಲಾರಿ ಹತ್ತಿದ್ದವು. ಓನರ್ ಮನೆ ತಾರಸಿ ಅರ್ಧ ಬಿದ್ದಿತ್ತು, ಸಣ್ಣ ಇಟ್ಟಿಗೆಗಳು ಗಾರೆ ಸಮೇತ ಓರೆಯಾಗಿ ನಿಂತಿದ್ದು ಕಾಣುತ್ತಿತ್ತು. ನಮ್ಮ ಮತ್ತು ಐದನೇ ಮನೆಯ ನಡುವಿನ ಗೋಡೆ ಒಂದೇ ಉಳಿದಿತ್ತು. ನಮ್ಮ ಕಡೆ ತೆಳು ಹಸಿರು ಸುಣ್ಣ, ಕ್ಯಾಲೆಂಡರ್ ಮೊಳೆ, ಒಲೆ ಮೇಲಿನ ಮಸಿ. ಬೀದಿಯವರೆಲ್ಲ ನಮ್ಮ ಅಡುಗೆಮನೆ ನೋಡುತ್ತಿದ್ದಾರಲ್ಲ ಅಂತ ಸಂಕಟವಾಯಿತು.

ದಾಖಲೆ ಹುಡುಕುವಾಗಲೇ ಗೊತ್ತಾಗಿದ್ದು, ಕಾಗದಕ್ಕೆ ಓನರ್ ಮಾತ್ರ ಕಾಣುತ್ತಾನೆ. 2004ರ ಏಪ್ರಿಲ್‌ನಿಂದ ಈಚಿನ ಇ.ಸಿ. (ಆಸ್ತಿಯ ಋಣಭಾರ ಪತ್ರ) ಆನ್‌ಲೈನಲ್ಲೇ ಸಿಗುತ್ತದೆ, ಹಿಂದಿನದಕ್ಕೆ ಕಚೇರಿಗೆ ಅಲೆದೆ. ಒಂದು ಕಚೇರಿಯಲ್ಲಿ ಐದು ಸಲ ನಾಳೆ ಬಾ ಅಂದರು, ಇರಲಿ. ಸಿಕ್ಕಿದ ಕ್ರಯಪತ್ರದಲ್ಲಿ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ ಇತ್ತು, ಅಳತೆ ಇತ್ತು, ಬಾವಿ ಕೂಡ ಇತ್ತು. ಬಾಡಿಗೆಯವರು ಇರಲಿಲ್ಲ. ನಮ್ಮನ್ನು ಉಳಿಸಿದ್ದು ಬಾಡಿಗೆ ರಸೀದಿಗಳು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಮನೆ ಬಿಡಿಸಿಯಾರು ಅನ್ನೋ ಭಯಕ್ಕೆ ಎಲ್ಲರೂ ಅವನ್ನು ಜೋಪಾನವಾಗಿ ಇಟ್ಟಿದ್ದರು. ಆ ಭಯಕ್ಕೂ ಒಂದು ಥ್ಯಾಂಕ್ಸ್ ಹೇಳಬೇಕು ಅಲ್ವಾ?

ರಸೀದಿ ಕಟ್ಟು ಕೊಟ್ಟ ಎರಡನೇ ಮನೆಯವರಿಗೆ, ಫೋಟೊ ಸ್ಕ್ಯಾನ್ ಮಾಡಿದ ಐದನೇ ಮನೆ ಮೊಮ್ಮಗಳಿಗೆ, ನಕ್ಷೆ ಬರೆದ ಗೆಳೆಯನಿಗೆ, ಜಾಸ್ತಿ ದುಡ್ಡು ಕೇಳದ ಜೆರಾಕ್ಸ್ ಅಂಗಡಿಯವರಿಗೆ, ಅಮೆರಿಕದಿಂದ ರಾತ್ರಿ ಎದ್ದು ಫೋನಿನಲ್ಲಿ ಮಾತಾಡಿದ ಮೇಷ್ಟ್ರ ಮಗನಿಗೆ ನನ್ನ ನಮಸ್ಕಾರ.

ಅತ್ತೆಗೆ ಮೊದಲ ಪ್ರತಿ ಕೊಟ್ಟೆ. ಕನ್ನಡಕ ಏರಿಸಿ ಮೂರನೇ ಪುಟದ ನಕ್ಷೆ ನೋಡಿದರು. ಬೆರಳಿಟ್ಟು ಸಂದಿಯೊಳಗೆ ನಡೆದುಕೊಂಡು ಹೋದರು.

"ನಲ್ಲಿ ಎಡಕ್ಕೆ ಹಾಕಿದ್ದೀಯಲ್ಲೋ."

"ಎಡಕ್ಕೇ ಇತ್ತಲ್ಲ ಅತ್ತೆ?"

ಅತ್ತೆ ಎದ್ದು ನಿಂತರು. ಎಡಗೈ ಬಳಸಿ ಸೊಂಟಕ್ಕೆ ಬಿಂದಿಗೆ ಇಟ್ಟುಕೊಂಡ ಹಾಗೆ ಮಾಡಿ, ಬಲಗೈಯನ್ನು ಗಾಳಿಯಲ್ಲಿ ಚಾಚಿ ನಲ್ಲಿ ತಿರುಗಿಸಿದರು. "ನೋಡು, ಬಲಕ್ಕೆ."

ಪುಸ್ತಕ ತಗೊಂಡವರು ಮೂರನೇ ಪುಟದಲ್ಲಿ ದಯವಿಟ್ಟು ತಿದ್ದಿಕೊಳ್ಳಿ.

ನಾಲ್ಕನೇ ಮನೆ ಹುಡುಗ