ನಮ್ಮ ರೊಟ್ಟಿ ಒಲೆಗೆ 5 ವರ್ಷ

ಈ ವಾರಕ್ಕೆ ನಮ್ಮ ಹಿತ್ತಲಿನ ರೊಟ್ಟಿ ಒಲೆಗೆ 5 ವರ್ಷ ತುಂಬಿತು. ವಿಜಯಪುರ ಜಿಲ್ಲೆಯ ಈ ಸಣ್ಣ ಊರಿನಲ್ಲಿ ಆಗ ಬಡಿಯಲು ಕೂತವಳು ನಾನೊಬ್ಬಳೇ, ಈಗ 7 ಮಂದಿ ಇದ್ದೇವೆ.

ನಮ್ಮ ಕಡೆ ಹಸಿದು ಬಂದವರಿಗೆ ರೊಟ್ಟಿ, ಪಲ್ಯೆ ಕೊಟ್ಟು ಗೊತ್ತು, ರೊಕ್ಕ ಇಸಿದುಕೊಂಡು ಗೊತ್ತಿರಲಿಲ್ಲ. ಮಳೆ ಕೈಕೊಟ್ಟು ಸಾಲ ಏರಿದ ವರ್ಷ, ನಮ್ಮ ಓಣಿಯ ಅಂಗನವಾಡಿ ಅಕ್ಕ ಮಗಳ ಕುಬಸಕ್ಕೆ (ಸೀಮಂತಕ್ಕೆ) 200 ರೊಟ್ಟಿ ಬಡಿಸಿಕೊಂಡರು. ಬೇಡ ಬೇಡ ಅಂದರೂ ಎಣಿಸಿ ರೊಕ್ಕ ಕೈಗಿಟ್ಟು, "ಇದು ಕೆಲಸ ಅಲ್ಲೇನು?" ಎಂದು ಕೇಳಿದರು. ಅಕ್ಕಾ, ಆ ಮಾತಿನ ಋಣ ನನ್ನ ಮೇಲಿದೆ.

ನಮ್ಮ ಅತ್ತೆಗೆ ಏನು ಹೇಳಲಿ? ಜೋಳದ ಹಿಟ್ಟಿಗೆ ಗೋದಿಯ ಹಾಗೆ ಜಿಗಿ ಇಲ್ಲ. ಕುದಿಯುವ ಎಸರು ಬಿದ್ದರೆ ಮಾತ್ರ ಕೂಡಿಕೊಳ್ಳುತ್ತದೆ, ಎಸರು ಆರಿತೋ ಬಡಿಯುವಾಗ ಅಂಚು ಸೀಳುತ್ತದೆ. ಹಿಂಗಾರಿಯ ಮಾಲದಂಡಿ ಜೋಳ ಹೌದೋ ಅಲ್ಲವೋ, ಬೀಸಿ ಎಷ್ಟು ದಿನವಾಯಿತು, ಎಲ್ಲವನ್ನೂ ಹಿಟ್ಟು ಮುಷ್ಟಿಯಲ್ಲಿ ಹಿಡಿದೇ ಹೇಳುತ್ತಾರೆ. ಇಷ್ಟು ಬಲ್ಲವರನ್ನು "ಮನೆಯಲ್ಲೇ ಇರತಾರ" ಎಂದು ನಾವೇ ಹೇಳುತ್ತಿದ್ದೆವಲ್ಲ, ಈಗ ಕೆಡಕೆನಿಸುತ್ತದೆ.

ಎರಡನೇ ವರ್ಷ ಪೇಟೆಯ ಒಬ್ಬ ವ್ಯಾಪಾರಿ 3 ತಿಂಗಳ ಕಡಕ್ ರೊಟ್ಟಿ ಒಯ್ದು ರೊಕ್ಕ ಕೊಡಲೇ ಇಲ್ಲ. ಜೋಳ ತರಲೂ ಕೈ ಖಾಲಿ. ಸ್ತ್ರೀಶಕ್ತಿ ಸಂಘದ ಗೆಳತಿಯರು ತಮ್ಮ ವಾರದ ಉಳಿತಾಯದಲ್ಲೇ ಸಾಲ ಕೊಟ್ಟರು, ಯಾರೂ ಒಂದು ಮಾತು ಆಡಲಿಲ್ಲ. ಕಾಲೇಜಿಗೆ ಹೋಗುವ ಎದುರುಮನೆ ಹುಡುಗಿ ಆಹಾರ ಸುರಕ್ಷತಾ ನೋಂದಣಿಯ ಅರ್ಜಿ ತುಂಬಿಕೊಟ್ಟಳು. ನೋಂದಣಿಯ ಆ 14 ಅಂಕಿಯ ಸಂಖ್ಯೆ ಪಾಕೀಟಿನ ಮೇಲೆ ಬಂದ ನಂತರ ಅಂಗಡಿಯವರು ಮಾತಾಡಿಸುವ ರೀತಿಯೇ ಬದಲಾಯಿತು. ಬೆಳಗಿನ ಬಸ್ಸಿನ ಕಂಡಕ್ಟರ್ ಅಣ್ಣಂದಿರೇ, ರೊಟ್ಟಿ ಗಂಟು ಪುಡಿಯಾಗದಂತೆ ಇಷ್ಟು ವರ್ಷ ಜೋಪಾನ ಮಾಡಿದಿರಿ. ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾದಾಗಲೂ ಬಿಟ್ಟುಹೋಗದ ಗಿರಾಕಿಗಳೇ, ನಿಮಗೂ ಕೈಮುಗಿಯುತ್ತೇನೆ.

ಹೋದ ತಿಂಗಳು ನಮ್ಮೊಳಗೊಬ್ಬಾಕೆ ಅಡವಿಟ್ಟಿದ್ದ ಬೋರಮಾಳ ತನ್ನ ದುಡಿಮೆಯಲ್ಲೇ ಬಿಡಿಸಿಕೊಂಡು, ಕೊರಳಿಗೆ ಹಾಕಿಕೊಂಡೇ ಕೆಲಸಕ್ಕೆ ಬಂದಳು. ಹಿಟ್ಟು ಹಚ್ಚಿದ ಕೈ ತೊಳೆದುಕೊಂಡು ಎಲ್ಲರೂ ಮುಟ್ಟಿ ನೋಡಿದೆವು. ಅತ್ತೆ ಎರಡು ಸಲ ಮುಟ್ಟಿದರು.

ಎಳ್ಳ ಅಮಾವಾಸ್ಯೆಗೆ ರೊಟ್ಟಿ ಬೇಕಾದವರು ಎರಡು ದಿನ ಮೊದಲೇ ಹೇಳಿ. ಅವತ್ತು ಮಾರಾಟವಿಲ್ಲ. ಬಡಿಯುವ ಸಜ್ಜಿ ರೊಟ್ಟಿಯೆಲ್ಲ ಹೊಲಕ್ಕೆ, ಭೂತಾಯಿಗೆ ಎಡೆ ಚೆಲ್ಲುವ ಚರಗಕ್ಕೆ.