ಉಳಿದ ಊಟ ಹಂಚಿದರೆ ಆಹಾರ ಬ್ಯಾಂಕ್ ಆಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಮದುವೆ ಸೀಜನ್ ಬಂತೆಂದರೆ ಮಂಗಲ ಕಾರ್ಯಾಲಯದಲ್ಲಿ ಮಿಕ್ಕ ಅನ್ನ, ಸಾರು, ಶಿರಾ ಒಯ್ದು ಬಸ್‌ಸ್ಟ್ಯಾಂಡ್ ಬಳಿ ಹಂಚುವ ಯುವಕರ ಫೋಟೊ ಪತ್ರಿಕೆಗಳಲ್ಲಿ ಬರುತ್ತವೆ. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ಅದಕ್ಕೇ ‘ಆಹಾರ ಬ್ಯಾಂಕ್’ ಎಂದು ಬೋರ್ಡು ಹಾಕಿ, ಜಿಲ್ಲೆಗೊಂದು ತೆರೆದರೆ ಹಸಿವು ನೀಗಿತು ಎಂದುಕೊಳ್ಳುವುದು ಸರಿಯಲ್ಲ.

ಬೇಯಿಸಿದ ಊಟದ ಆಯುಷ್ಯ ತಾಸುಗಳದ್ದು. ಹನ್ನೊಂದಕ್ಕೆ ಒಲೆಯಿಂದ ಇಳಿದ ಅನ್ನಕ್ಕೆ ಫೋನ್ ಬರುವುದು ಕೊನೆಯ ಪಂಕ್ತಿ ಎದ್ದ ಮೇಲೆ, ಮೂರೂವರೆಗೆ. ಅಷ್ಟು ಹೊತ್ತು ಕೊಪ್ಪರಿಗೆಯ ನಡುಭಾಗ ಉಗುರುಬೆಚ್ಚಗೆ ಕೂತಿರುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ಬಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ಬೀಜಕಣ ಕುದಿಸಿದರೂ ಸಾಯುವುದಿಲ್ಲ. ಅದು ಬಿಡುವ, ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಳಸಿದ ವಾಸನೆ ಇಲ್ಲ, ಹಾಗಾಗಿ ಕೆಟ್ಟಿಲ್ಲ ಎನ್ನುವ ಲೆಕ್ಕ ಇಲ್ಲಿ ನಡೆಯದು. ಈ ಕೆಲಸಕ್ಕೆ ಇಳಿದವರು ಪಾತ್ರೆಗಿಂತ ಮೊದಲು ಚುಚ್ಚಿ ನೋಡುವ ಥರ್ಮಾಮೀಟರ್ ಕೊಳ್ಳಲಿ. ಪಂಕ್ತಿಯಲ್ಲಿ ಓಡಾಡಿದ ಬಕೆಟ್ಟಿನ ಅನ್ನ ಬೇಡವೇ ಬೇಡ. ಒಲೆಯಿಂದ ಇಳಿಸಿದ ನಾಲ್ಕು ತಾಸಿನೊಳಗೆ ತಿನ್ನುವವರ ತಟ್ಟೆಗೆ ಮುಟ್ಟಿಸಲಾಗದ್ದನ್ನು ಮುಲಾಜಿಲ್ಲದೆ ಬಿಡಬೇಕು. ಹೆಚ್ಚುವರಿ ಆಹಾರ ಹಂಚುವವರಿಗೆಂದೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2019ರಲ್ಲಿ ನಿಯಮ ತಂದಿದೆ. ನೋಂದಣಿಯೂ ಬೇಕು, ದಾಖಲೆಯೂ ಬೇಕು.

ಆಹಾರ ಬ್ಯಾಂಕಿನದು ಬೇರೆಯೇ ಕಸುಬು. ಅಮೆರಿಕದ ಫೀನಿಕ್ಸ್ ನಗರದಲ್ಲಿ 1967ರಲ್ಲಿ ಜಾನ್ ವ್ಯಾನ್ ಹೆಂಗೆಲ್ ತೆರೆದದ್ದು ಗೋದಾಮು. ಕಂಪನಿ, ವ್ಯಾಪಾರಿ, ರೈತರು ಕೊಟ್ಟ ಮಾಲು ಅಲ್ಲಿ ಇಳಿದು, ವಿಂಗಡವಾಗಿ, ಊರೂರಿನ ಸಂಸ್ಥೆಗಳ ಮೂಲಕ ಮನೆ ಸೇರುತ್ತದೆ. ಇಂದು ಅಮೆರಿಕದಲ್ಲಿ ಇಂಥ ಸುಮಾರು 200 ಬ್ಯಾಂಕುಗಳ ಜಾಲವಿದೆ, ಹೆಸರು ಫೀಡಿಂಗ್ ಅಮೆರಿಕ. 2005ರವರೆಗೆ ಯಾರಿಗೆ ಏನು ಎಂಬುದನ್ನು ಕೇಂದ್ರ ಕಚೇರಿಯೇ ತೀರ್ಮಾನಿಸುತ್ತಿತ್ತು. ಆಲೂಗಡ್ಡೆಗೇ ಹೆಸರಾದ ಐಡಾಹೊ ರಾಜ್ಯಕ್ಕೆ ಆಲೂಗಡ್ಡೆ ಕಳಿಸುವ ಪದ್ಧತಿ ಎಂದು ಆ ಕಾಲವನ್ನು ಈಗಲೂ ಆಡಿಕೊಳ್ಳುತ್ತಾರೆ. ಆಮೇಲೆ ಷಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರ ನೆರವಿನಿಂದ ‘ಶೇರು’ ಎಂಬ ಲೆಕ್ಕದ ನಾಣ್ಯ ಬಂತು. ಬಡವರು ಹೆಚ್ಚಿರುವ ಕಡೆಯ ಬ್ಯಾಂಕಿಗೆ ಹೆಚ್ಚು ಶೇರು; ಬೇಕಾದ ಲೋಡಿಗೆ ಆ ಶೇರಿನಲ್ಲೇ ಸವಾಲು ಹಾಕಬೇಕು. ಯಾರಿಗೂ ಬೇಡದ ಮಾಲು ಎತ್ತಿಕೊಂಡವರಿಗೆ ಶೇರು ತಿರುಗಿ ಸಿಗುವುದೂ ಉಂಟು. ಎಪಿಎಂಸಿ ಸವಾಲು ನೋಡಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಡೆಯೂ ಒಂದೊಂದು ಊರಿಗೆ ಒಂದೊಂದು ಮಾಲು ಹೆಚ್ಚು. ವಿಜಯಪುರದಲ್ಲಿ ಜೋಳ, ತೊಗರಿ. ಮುಧೋಳ-ಮಹಾಲಿಂಗಪುರ ಕಡೆ ಬೆಲ್ಲ. ಬೆಳಗಾವಿಯಲ್ಲಿ ಆಲೂಗಡ್ಡೆ, ಕಾಯಿಪಲ್ಯ. ಮುಧೋಳಕ್ಕೆ ಬೆಲ್ಲ ಕೊಡಬಂದ ದಾನಿಗೆ ಕೈಮುಗಿದು, ಗಾಡಿಯನ್ನು ವಿಜಯಪುರ ಜಿಲ್ಲೆಯ ಇಂಡಿಗೆ ತಿರುಗಿಸುವ ಗುಮಾಸ್ತನೇ ಇಂಥ ಜಾಲದ ಜೀವಾಳ.

ಅನ್ನಭಾಗ್ಯ ಇದೆಯಲ್ಲ ಎನ್ನುವವರುಂಟು. ಇದೆ, ಅದರಿಂದಲೇ ಬಹಳ ಮನೆಗಳು ನಡೆಯುತ್ತಿವೆ. ತಪ್ಪಿಹೋಗುವವರು ಬೇರೆ. ಮಹಾರಾಷ್ಟ್ರದಿಂದ ಕಬ್ಬು ಕಡಿಯಲು ಬಂದ ಗ್ಯಾಂಗಿನವರು ‘ಒಂದು ದೇಶ ಒಂದು ಪಡಿತರ ಚೀಟಿ’ಯಲ್ಲಿ ಇಲ್ಲಿಯೂ ಧಾನ್ಯ ಪಡೆಯಬಹುದು, ಆದರೆ ಕೇಂದ್ರದ ಪಾಲು ಮಾತ್ರ. ಅದನ್ನೂ ಊರಲ್ಲಿ ಉಳಿದವರು ಎತ್ತಿದ್ದರೆ ಇಲ್ಲಿ ಸೊನ್ನೆ. ಇನ್ನು ನಮ್ಮ ತಾಂಡಾಗಳಿಂದ ಮಕ್ಕಳು ಗೋವಾ, ಮುಂಬೈಗೆ ದುಡಿಯಲು ಹೋದರೆ ಹಿಂದೆ ಉಳಿಯುವ ಮುದುಕ-ಮುದುಕಿಯರು. ಬೆರಳಚ್ಚು ಸವೆದು ಯಂತ್ರ ಒಪ್ಪುವುದಿಲ್ಲ. ಅಕ್ಕಿ ಸಿಕ್ಕರೂ ಬೇಯಿಸಲು ಕೈಲಾಗುವುದಿಲ್ಲ.

ಇಂಥವರಿಗೆ ನಮ್ಮಲ್ಲೇ ತಯಾರಿರುವ ಮಾಲು ಖಡಕ್ ರೊಟ್ಟಿ. ಫ್ರಿಜ್ ಬೇಡ, ಒಲೆ ಬೇಡ, ಸರಿಯಾಗಿ ಒಣಗಿಸಿದರೆ ತಿಂಗಳು ಕಳೆದರೂ ಕೆಡದು. ಹಲ್ಲಿಲ್ಲದವರು ಸಾರಿನಲ್ಲೋ ಮಜ್ಜಿಗೆಯಲ್ಲೋ ನೆನೆಸಿ ತಿಂದಾರು. ಮಹಿಳಾ ಸಂಘಗಳು ಮಾಡಿ ಮಾರುತ್ತಲೇ ಇವೆ, ಹಣ ಕೊಟ್ಟು ಕೊಂಡರೆ ಅಲ್ಲಿಯೂ ನಾಲ್ಕು ಮನೆ ನಡೆಯುತ್ತವೆ. ಕೆಡುವುದು ಎಲ್ಲಿ ಎಂದರೆ ಅವಸರದಲ್ಲಿ ಬಿಸಿಬಿಸಿ ಕಟ್ಟಿದಾಗ: ಹಬೆ ಪ್ಲಾಸ್ಟಿಕ್ಕಿನೊಳಗೆ ನೀರಾಗಿ ಮೂರೇ ದಿನಕ್ಕೆ ಬೂಷ್ಟು. ಬಟ್ಟೆಯ ಮೇಲೆ ಹರಡಿ, ಪೂರ್ತಿ ಆರಿ, ಮುರಿದರೆ ಟಪ್ಪೆನ್ನುವಂತಾದ ಮೇಲೆಯೇ ಕಟ್ಟಬೇಕು. ಜತೆಗೆ ಶೇಂಗಾ ಚಟ್ನಿ ಕೊಡುವುದಾದರೆ ಕಪ್ಪಾದ, ಮುರುಟಿದ ಬೀಜ ಆರಿಸಿ ತೆಗೆಯಲೇಬೇಕು, ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಇರುವುದು ಅವುಗಳಲ್ಲೇ ಹೆಚ್ಚು. ಅಗಸಿ ಚಟ್ನಿ ಬಹಳ ದಿನ ಇಡುವಂಥದ್ದಲ್ಲ, ಬೇಗ ಕಮಟಾಗುತ್ತದೆ.

ಇನ್ನು ಖರ್ಚಿನ ಮಾತು. 500 ಮನೆಗೆ ತಿಂಗಳಿಗೆ 10 ಕೆ.ಜಿ. ಮಾಲಿನಂತೆ ಎಂದರೆ 5 ಟನ್, 50 ಕೆ.ಜಿ.ಯ 100 ಚೀಲ. ಟಾಟಾ ಏಸ್‌ನಲ್ಲಿ 750 ಕೆ.ಜಿ.ಯಂತೆ ಏಳು ಟ್ರಿಪ್. ಹಾಗಾಗಿ ಗೋದಾಮಿನ ಬಾಡಿಗೆಗಿಂತ ಡೀಸೆಲ್ಲು, ಹಮಾಲಿ, ಲೆಕ್ಕ ಬರೆಯುವವನ ಸಂಬಳವೇ ಭಾರ. ದಾನಿಗಳು ಸಾಮಾನು ಕೊಡುತ್ತಾರೆ, ಇದಕ್ಕೆ ಕೊಡುವುದಿಲ್ಲ. ಕೊಡುವ ಸಾಮಾನಿನಲ್ಲೂ ಗೊಂದಲ ಉಂಟು. ಅವಧಿಗೆ ಹತ್ತು ದಿನ ಉಳಿದ ಬಿಸ್ಕತ್ತಿನ ಬಾಕ್ಸುಗಳನ್ನು ಇಳಿಸಿ ಹೋದರೆ, ಹದಿನೈದು ದಿನಕ್ಕೊಮ್ಮೆ ಮಾಲು ಒಯ್ಯುವ ಸಂಸ್ಥೆಯ ಕೈಗೆ ಸಿಗುವುದು ಕಸ. ದಾಕ್ಷಿಣ್ಯವಿಲ್ಲದೆ ಬೇಡ ಎನ್ನುವ ಗಂಟಲು ಗೋದಾಮಿನ ಬಾಗಿಲಲ್ಲಿ ಇರಬೇಕು.

ಎಪಿಎಂಸಿಗಳಲ್ಲಿ ಖಾಲಿ ಬಿದ್ದ ಶೆಡ್ ಇದ್ದರೆ ಜಿಲ್ಲೆಗೊಂದನ್ನು ಇದಕ್ಕೆ ಬಿಟ್ಟುಕೊಡಲಿ, ಅದೂ ಹಿಂಗಾರಿ ಜೋಳದ ರಾಶಿಗೆ ಮೊದಲು. ಫೆಬ್ರುವರಿ-ಮಾರ್ಚ್‌ನಲ್ಲಿ ಕೊಂಡ ಜೋಳ ಮಳೆಗಾಲ ದಾಟಿ ಕಬ್ಬಿನ ಹಂಗಾಮಿನವರೆಗೆ ಬರಬೇಕು. ತೇವಾಂಶ ಶೇ 12ರೊಳಗಿರಲಿ. ಹಲ್ಲಲ್ಲಿ ಕಡಿದರೆ ಕಟ್ಟೆನ್ನಬೇಕು, ಮೆತ್ತಗೆ ಒತ್ತಿದರೆ ಮತ್ತೆ ಬಿಸಿಲಿಗೆ. ಚೀಲಗಳು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಎರಡು ಅಡಿ ದೂರ ಇರಲಿ. ಗೋಡೆಗೆ ಒತ್ತಿದ ಸಾಲಿನಲ್ಲೇ ಮೊದಲು ನುಸಿ ಬೀಳುವುದು, ಅಲ್ಲಿಗೆ ಕಣ್ಣೂ ಹೋಗದು, ಕೈಯೂ ಹೋಗದು.

ಇಂತಿ,
ಓದುಗರು, ಬಾಗಲಕೋಟೆ